ಹಳೇ ಬ್ರಿಡ್ಜು, ಹೊಸ ಬ್ರಿಡ್ಜು ಎರಡೂ ಒಂದೇ ಫ್ರೇಮಲ್ಲಿ ಹೇಗ್ ತೆಗೀತೀರಾ?

ಹೊಳೆದಂಡೆ:
ಎಲ್ರಿಗೂ ನಮಸ್ಕಾರ. ಒಂದು ತಿಂಗಳಿಂದ ಒಂದೇ ಜಾಗಕ್ಕೆ ಹೋಗಿ ಹೋಗಿ ಬರ್ತಿದೀನಿ, ಒಂದು ಫೋಟೋನೂ ಮನಸ್ಸಿಗೆ ಒಪ್ತಿಲ್ಲ. ಹೊಳೆಗೆ ಅಡ್ಡವಾಗಿ ಐದು ಕಮಾನಿನ ಹಳೇ ಕಲ್ಲುಸೇತುವೆ, ಅದರ ಪಕ್ಕದಲ್ಲೇ ಕೇಬಲ್ ಬಿಗಿದು ಎತ್ತಿ ನಿಲ್ಸಿರೋ ಹೊಸದು. ಎರಡೂ ಒಟ್ಟಿಗೆ ಬರ್ಬೇಕು ಅಂತ ಆಸೆ. ವೈಡ್ ಲೆನ್ಸ್ ಹಾಕಿದ್ರೆ ಹಳೇದು ಯಾರೋ ಮರೆತುಬಿಟ್ಟ ಸೋಪಿನ ಡಬ್ಬಿ ಥರ ಒಂದು ಮೂಲೇಲಿ ಬಿದ್ದಿರತ್ತೆ, ಹೊಸದರ ಕಂಬ ಹಿಂದಕ್ಕೆ ವಾಲ್ಕೊಂಡಿರತ್ತೆ. ಸಂಜೆ ಹೋದ್ರೆ ಹೊಸದರ ಲೈಟೆಲ್ಲ ಬೆಳ್ಳಗೆ ಸುಟ್ಟುಹೋಗತ್ತೆ, ಹಳೇದು ಕಪ್ಪು ಮುದ್ದೆ. ನನ್ ಹತ್ರ ಇರೋದು 16-35 ವೈಡ್ ಲೆನ್ಸ್, 70-200 ಝೂಮ್ ಲೆನ್ಸ್, ಒಂದು ಸಾಧಾರಣ ಟ್ರೈಪಾಡ್. ಏನ್ ತಪ್ಪು ಮಾಡ್ತಿದೀನಿ?

ಕಮಾನುಗಣ್ಣ:
ಮೊದಲು ಎಲ್ಲಿ ನಿಂತ್ಕೊಂಡು ತೆಗೀತಿದೀರಾ ಅದನ್ನ ಹೇಳಿ ಸರ್. ನೀವು ಹೇಳೋದು ನೋಡಿದ್ರೆ ಹೊಸದರ ಕಡೆ ದಡದಲ್ಲಿ ನಿಂತಂಗಿದೆ, ಅದಕ್ಕೇ ಹಳೇದು ಸೋಪಿನ ಡಬ್ಬಿ ಆಗಿರೋದು. ಆಚೆ ಹೋಗಿ, ಹಳೇದು ಮುಂದೆ ಬರೋ ಕಡೆ. ಹತ್ತಿರ ಹೋದಷ್ಟೂ ಹಳೇದು ದೊಡ್ಡದಾಗತ್ತೆ, ಹೊಳೆಗುಂಟ ಹಿಂದೆ ಹಿಂದೆ ನಡೆದಷ್ಟೂ ಹೊಸದು ಅದರ ಬೆನ್ನಿಂದ ಮೇಲೆದ್ದು ಬರತ್ತೆ. ಎರಡರ ಅಳತೆ ಇರೋದು ನಿಮ್ಮ ಕಾಲಲ್ಲಿ, ಝೂಮಲ್ಲಲ್ಲ. ಜಾಗ ಗೊತ್ತಾದ್ಮೇಲೆ ಅಲ್ಲಿಗೆ ಎಷ್ಟು ಬೇಕೋ ಅಷ್ಟು ಝೂಮ್ ಮಾಡ್ಕೊಳಿ, ನನ್ ಅಂದಾಜು ನಿಮ್ 70-200ಕ್ಕೇ ಕೆಲಸ ಸಿಗತ್ತೆ.

ಕಂಬ ವಾಲೋದು ಕ್ಯಾಮೆರಾ ಮೇಲಕ್ಕೆ ಎತ್ತೋದ್ರಿಂದ. ಸಮಮಟ್ಟದಲ್ಲಿ ಇಟ್ಟು ತೆಗೀರಿ, ಕೆಳಗಡೆ ಬರೋ ಬೇಡದ ನೆಲಾನ ಆಮೇಲೆ ಕ್ರಾಪ್ ಮಾಡಿ. (ಎಲ್ಲಾ ಕಂಬಾನೂ ರೂಲ್ ಹಿಡಿದಂಗೆ ಸಮಾನಾಂತರ ಇರ್ಲೇಬೇಕು ಅಂತೇನಿಲ್ಲ ಬಿಡಿ, ನ್ಯೂಯಾರ್ಕಿನ ವೆರಜಾನೊ ಬ್ರಿಡ್ಜಿನ ಎರಡು ಗೋಪುರ ಬುಡದಲ್ಲಿರೋದಕ್ಕಿಂತ ತುದೀಲಿ ಸುಮಾರು 4 ಸೆಂಟಿಮೀಟರ್ ಜಾಸ್ತಿ ದೂರ ಇದಾವೆ, ಭೂಮಿ ಗುಂಡಗಿರೋದಕ್ಕೆ. ಫೋಟೋದಲ್ಲಿ ಕಾಣಲ್ಲ, ಹೇಳ್ಬೇಕನ್ನಿಸ್ತು ಹೇಳ್ದೆ.)

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಯಾವ ಸೇತುವೆ ಮುಂದೆ ನಿಂತ್ರೂ ಭಾರ ಎಲ್ಲಿಂದ ಎಲ್ಲಿಗೆ ಇಳೀತಿದೆ ಅಂತ ನೋಡ್ತೀನಿ, ಆಮೇಲೇ ಕ್ಯಾಮೆರಾ ಆಚೆ ತೆಗೆಯೋದು. ಕಲ್ಲಿನ ಕಮಾನಲ್ಲಿ ಒಂದು ಕಲ್ಲು ಇನ್ನೊಂದನ್ನ ಒತ್ಕೊಂಡೇ ನಿಂತಿರತ್ತೆ, ಆ ಒತ್ತಡ ಕೊನೆಗೆ ದಡಕ್ಕೆ ಹೋಗಿ ಸೇರತ್ತೆ, ಹಂಗಾಗಿ ದಡ ಕತ್ತರಿಸಿ ಫ್ರೇಮ್ ಮಾಡಿದ್ರೆ ಕಮಾನು ಗಾಳೀಲಿ ನಿಂತಂಗೆ ಕಾಣತ್ತೆ. ತೂಗುಸೇತುವೆದು ಇದಕ್ಕೆ ಉಲ್ಟಾ, ಅಲ್ಲಿ ಎಲ್ಲಾ ಎಳೆತ, ಕಂಬದ ತಲೆ ದಾಟಿ ಬಂದ ಕೇಬಲ್ ದಡದಲ್ಲಿ ದೊಡ್ಡ ಕಾಂಕ್ರೀಟ್ ಗುಡ್ಡೇಲೋ ಬಂಡೇಲೋ ಹೂತಿರತ್ತೆ, ಮುಕ್ಕಾಲು ಪಾಲು ಜನ ಅದನ್ನೇ ಬಿಟ್ಟು ನಡುವಿನ ಜೋಕಾಲಿ ಅಷ್ಟೇ ತೆಗೆದು ಬರ್ತಾರೆ. ನಿಮ್ ಹೊಸದರಲ್ಲಿ ಕೇಬಲ್ ಕಂಬದಿಂದ ನೇರ ಡೆಕ್ಕಿಗೇ (ಗಾಡಿ ಓಡಾಡೋ ಹಾಸಿಗೇ) ಇಳಿದಿದ್ರೆ ಕಂಬಾನೇ ಹೀರೋ, ಅದನ್ನ ಬುಡದಿಂದ ತೋರಿಸಿ. ಓರೆಯಾಗಿ ನಿಂತ್ರೆ ಎರಡೂ ಬದಿ ಕೇಬಲ್ಲು ಒಂದರ ಮೇಲೊಂದು ಬಿದ್ದು ಸೊಳ್ಳೆಪರದೆ ಥರ ಆಗತ್ತೆ. ನಾಲ್ಕು ಹೆಜ್ಜೆ ಆಚೀಚೆ ಆಡಿ ನೋಡಿ, ಒಂದು ಕಡೆ ಪಟ್ ಅಂತ ಬಿಡಿಸ್ಕೊಳತ್ತೆ.

ನಿಧಾನಶಟರ್:
ಲೈಟಿನ ಬಗ್ಗೆ ಹೇಳ್ತೀನಿ. ಪೂರ್ತಿ ಕತ್ತಲಾಗೋವರೆಗೂ ಕಾಯ್ಬೇಡಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆದ್ಮೇಲೆ ಸ್ವಲ್ಪ ಹೊತ್ತು ಆಕಾಶದ ನೀಲಿ, ಬ್ರಿಡ್ಜಿನ ಲೈಟು ಎರಡೂ ಹತ್ತತ್ರ ಒಂದೇ ಮಟ್ಟಕ್ಕೆ ಬರತ್ತೆ, ಆಗ ಕಲ್ಲಲ್ಲೂ ಡೀಟೇಲ್ ಉಳಿದಿರತ್ತೆ. ಆದ್ರೂ ಒಂದು ಎಕ್ಸ್‌ಪೋಶರ್ ಲೈಟಿಗೆ, ಒಂದು ಕಲ್ಲಿಗೆ ಅಂತ ತೆಗೆದಿಟ್ಕೊಳಿ, ಮನೇಲಿ ಸೇರಿಸ್ಬಹುದು.

ನೀರು ರೇಷ್ಮೆ ಥರ ಬೇಕು ಅಂದ್ರೆ 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕನ್ನ ಸುಮಾರು ಸಾವಿರ ಪಟ್ಟು ತಗ್ಗಿಸೋ ಕಪ್ಪು ಗಾಜು) ಹಾಕಿ, 1/60 ಸೆಕೆಂಡ್ ಇದ್ದದ್ದು ಹೆಚ್ಚುಕಮ್ಮಿ 17 ಸೆಕೆಂಡ್ ಆಗತ್ತೆ. ಆದ್ರೆ ಟ್ರೈಪಾಡ್ ನೆಲದ ಮೇಲಿರ್ಲಿ, ಸೇತುವೆ ಮೇಲೆ ಬೇಡ. ನಾನು ಒಂದ್ಸಲ ಹೊಸ ಬ್ರಿಡ್ಜಿನ ನಡುಮಧ್ಯ ಟ್ರೈಪಾಡ್ ಇಟ್ಟು, 30 ಸೆಕೆಂಡ್ ಒತ್ತಿ, ಉಸಿರು ಬಿಗಿಹಿಡ್ಕೊಂಡು ನಿಂತಿದ್ದೆ, ಇಪ್ಪತ್ತೈದನೇ ಸೆಕೆಂಡಿಗೆ ಒಂದು ಲಾರಿ ಬಂತು ನೋಡಿ, ಕಾಲ್ಕೆಳಗೆ ಡೆಕ್ ಉಯ್ಯಾಲೆ ಆಯ್ತು. ಮನೆಗೆ ಬಂದು ದೊಡ್ಡದು ಮಾಡಿದ್ರೆ ಒಂದೊಂದು ದೀಪಕ್ಕೂ ಬಾಲ. ಅದು ಬ್ರಿಡ್ಜಿನ ತಪ್ಪೇನಲ್ಲ, ಉದ್ದ ಸೇತುವೆಗಳು ಅಲುಗಾಡೋ ಹಾಗೇ ಕಟ್ಟಿರೋದು.

ಕಲ್ಲುಕುಟಿಗ:
ನಾನು ಇವರಿಬ್ರಿಗೂ ಪೂರ್ತಿ ಒಪ್ಪಲ್ಲ. ಎರಡೂ ಇಡೀಯಾಗಿ ಒಂದೇ ಫ್ರೇಮಲ್ಲಿ ಯಾಕ್ರೀ ಬೇಕು? ಸ್ಕಾಟ್ಲೆಂಡಿನ ಫೋರ್ತ್ ನದೀಮುಖದ ಹತ್ರ 1890ರ ರೈಲು ಸೇತುವೆ, 1964ರ ತೂಗುಸೇತುವೆ, 2017ರ ಕೇಬಲ್ ಸೇತುವೆ ಮೂರೂ ಸಾಲಾಗಿವೆ, ಮೂರು ಶತಮಾನ ಒಂದೇ ಕಡೆ. ಅಲ್ಲೂ ನನಗೆ ಇಷ್ಟ ಆಗೋ ಫೋಟೋ ಅಂದ್ರೆ ಹಳೇದರ ಕೆಂಪು ಕೊಳವೆಗಳ ಸಂದೀಲಿ ಹಿಂದಿನದರ ಒಂದು ಚೂರು ಕಾಣೋವಂಥದ್ದೇ.

ಹಳೇದರ ಮಜಾ ಇರೋದು ಕೀಲಲ್ಲಿ. ಇಂಗ್ಲೆಂಡಿನ ಐರನ್ ಬ್ರಿಡ್ಜ್, 1779ರಲ್ಲಿ ಎರಕದ ಕಬ್ಬಿಣದಲ್ಲಿ ನಿಲ್ಸಿದ್ದು, ಅಷ್ಟು ದೊಡ್ಡ ಸೇತುವೆ ಕಬ್ಬಿಣದಲ್ಲಿ ಕಟ್ಟಿ ಯಾರಿಗೂ ರೂಢಿ ಇರ್ಲಿಲ್ಲ, ಅದಕ್ಕೆ ಬಡಗಿಗಳು ಮರಕ್ಕೆ ಮಾಡೋ ಥರಾನೇ ತೂತು ಕೊರೆದು ಗೂಟ ತೂರಿಸಿ ಜೋಡಿಸಿದಾರೆ. ದೂರದಿಂದ ನೋಡಿದ್ರೆ ಚೆಂದದ ಕಮಾನು ಅಷ್ಟೇ, ಹತ್ರ ಹೋಗಿ ಆ ಕೀಲು ತೆಗೆದ್ರೆ ಕಥೇನೇ ಸಿಗತ್ತೆ. ನೀವೂ ಒಂದ್ಸಲ ಕ್ಯಾಮೆರಾ ಇಲ್ದೆ ಹೋಗಿ ಕಲ್ಲು ಮುಟ್ಟಿ ನೋಡಿ ಬನ್ನಿ. ಉಳಿ ಏಟಿನ ಗುರುತು ಓರೆ ಬಿಸಿಲಲ್ಲೇ ಕಾಣೋದು, ನೆತ್ತಿ ಮೇಲೆ ಸೂರ್ಯ ಇದ್ರೆ ಗೋಡೆ ಸಪಾಟು.

ಕಮಾನುಗಣ್ಣ:
ಕೀಲಿನ ಮಾತು ಒಪ್ಪಿದೆ. ಆದ್ರೆ ಹಳೇದು ಹೊಸದು ಅಂತ ಗೆರೆ ಎಳೆಯೋದೂ ಕಷ್ಟ ಕಣ್ರೀ. ಬೋಸ್ನಿಯಾದ ಮೊಸ್ತಾರ್ ಸೇತುವೆ 1566ರದ್ದು ಅಂತೀವಿ, 1993ರಲ್ಲಿ ಯುದ್ಧದಲ್ಲಿ ಉರುಳಿಸಿದ್ರು, ಈಗ ನಾವು ಫೋಟೋ ತೆಗೆಯೋದು 2004ರಲ್ಲಿ ಮತ್ತೆ ಕಟ್ಟಿದ್ದು. ಇನ್ನು 1883ರ ಬ್ರೂಕ್ಲಿನ್ ಬ್ರಿಡ್ಜಲ್ಲಿ ಗೋಪುರ ಕಲ್ಲಿಂದು, ಅದರಲ್ಲಿ ಚರ್ಚಿನ ಥರ ಚೂಪು ಕಮಾನು, ಕೇಬಲ್ ಮಾತ್ರ ಆ ಕಾಲಕ್ಕೆ ಹೊಸದಾದ ಉಕ್ಕಿನ ತಂತಿ. ಒಂದರಲ್ಲೇ ಎರಡು ಕಾಲ.

ಹೊಳೆದಂಡೆ:
ಮೂವರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಆಚೆ ದಡಕ್ಕೆ ಹೋಗಿದ್ದೆ. ಗಾಳಿ ಇರ್ಲಿಲ್ಲ, ಕಮಾನು ಅದರ ನೆರಳು ಸೇರಿ ನೀರಲ್ಲಿ ಐದೂ ಪೂರ್ತಿ ಗುಂಡಗೆ ಬಂದಿತ್ತು, ನಾನು ಪೋಲರೈಸರ್ (ಹೊಳಪು ತಗ್ಗಿಸೋ ಫಿಲ್ಟರ್) ಹಾಕ್ಕೊಂಡು ತಿರುಗಿಸಿದ್ದೇ ತಡ ಪ್ರತಿಬಿಂಬಾನೇ ಮಾಯ! ಗಾಬರಿಯಾಗಿ ಬಿಚ್ಚಿದೆ. ಆಮೇಲೆ ಹಿಂದೆ ಹಿಂದೆ ನಡ್ಕೊಂಡು ಹೋಗಿ ಝೂಮ್ 135ರಲ್ಲಿ ಇಟ್ಟು ನೋಡಿದ್ರೆ ಮೂರನೇ ಕಮಾನಿನ ನೆತ್ತಿ ಮೇಲೇ ಹೊಸದರ ಕಂಬ ಎದ್ದು ನಿಂತಿದೆ. ಮೊದಲ್ನೇ ಸಲ ಮನಸ್ಸಿಗೆ ಬಂತು. ಒಂದೇ ತೊಂದರೆ, ಹಳೇ ಸೇತುವೆ ಮೇಲಿನ ದೀಪದ ಕಂಬವೊಂದು ಸರಿಯಾಗಿ ಆ ಕಂಬಕ್ಕೇ ಅಂಟ್ಕೊಂಡು ನಿಂತಿದೆ, ಅಳಿಸಿಬಿಡ್ಲಾ?

ಕಲ್ಲುಕುಟಿಗ:
ಅಳಿಸ್ಬೇಡಿ ಮಾರಾಯ್ರೇ, ನಾಳೆ ಮತ್ತೆ ಹೋಗಿ ಎರಡು ಹೆಜ್ಜೆ ಎಡಕ್ಕೆ ನಿಂತ್ಕೊಳಿ.