ಪರವಾನಗಿ, ನೋಂದಣಿ, ಪ್ರಮಾಣಪತ್ರ: ಪೀಡೆನಾಶಕದ ಮೂರು ಕಾಗದಕ್ಕೆ ಮೂರು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಕೈಪಿಡಿಯ ಅನುವಾದದಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು. ಬೆಳೆಗೆ ಹೊಡೆಯುವ ವಿಷಗಳನ್ನು ಯಾರು ಮಾರಬಹುದು, ಯಾರು ಬಳಸಬಹುದು, ಅದಕ್ಕೆ ಯಾವ ಕಾಗದ ಬೇಕು ಅಂತ ತಿಳಿಸುವ ಕೈಪಿಡಿ ಅದು. ಇಂಗ್ಲಿಷಿನಲ್ಲಿ ರಿಜಿಸ್ಟ್ರೇಶನ್, ಲೈಸೆನ್ಸ್, ಸರ್ಟಿಫಿಕೇಶನ್ ಅಂತ ಮೂರು ಬೇರೆ ಬೇರೆ ಪದ ಬರುತ್ತವೆ. ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ಮೂರಕ್ಕೂ ‘ಪರವಾನಗಿ’ ಅಂತಲೇ ಹಾಕಿದ್ದಾರೆ. ಓದುವುದಕ್ಕೆ ತೊಡಕೇನಿಲ್ಲ. ಆದರೆ ಯಾವ ಕಾಗದ ಯಾರದ್ದು ಅನ್ನೋದೇ ಗೊತ್ತಾಗುವುದಿಲ್ಲ.

ಮೂರೂ ಬೇರೆ ಬೇರೆಯವಕ್ಕೆ ಸೇರಿದ ಕಾಗದ. ರಿಜಿಸ್ಟ್ರೇಶನ್ ಆಗುವುದು ರಾಸಾಯನಿಕಕ್ಕೆ. ಇದು ಕೆಲಸ ಮಾಡುತ್ತದೆಯೇ, ಜನಕ್ಕೂ ದನಕ್ಕೂ ಎಷ್ಟು ಅಪಾಯ ಅಂತ ನೋಡಿ ಸರ್ಕಾರ ದಾಖಲೆಗೆ ಸೇರಿಸಿಕೊಳ್ಳುತ್ತದೆ. ಲೈಸೆನ್ಸ್ ಸಿಗುವುದು ತಯಾರಿಸುವ, ದಾಸ್ತಾನು ಇಡುವ, ಮಾರುವ ವ್ಯವಹಾರಕ್ಕೆ. ಸರ್ಟಿಫಿಕೇಟ್ ಸಿಗುವುದು ಮನುಷ್ಯನಿಗೆ. ಈತನಿಗೆ ಲೇಬಲ್ ಓದಲು ಬರುತ್ತದೆ, ಅಳತೆ ಹಾಕಲು ಬರುತ್ತದೆ, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿ ಹೊಡೆಯುತ್ತಾನೆ, ಖಾಲಿ ಡಬ್ಬವನ್ನು ನೀರು ಕುಡಿಯಲು ಬಳಸುವುದಿಲ್ಲ ಅಂತ ಕಲಿಸಿ, ಪರೀಕ್ಷಿಸಿ ಕೊಡುವ ಕಾಗದ ಅದು.

ಭಾರತದ 1968ರ ಕೀಟನಾಶಕ ಕಾಯ್ದೆಯಲ್ಲಿ ಮೊದಲ ಎರಡು ಸ್ಪಷ್ಟವಾಗಿವೆ. 9ನೇ ಸೆಕ್ಷನ್ನಿನಲ್ಲಿ ನೋಂದಣಿ, 13ನೇ ಸೆಕ್ಷನ್ನಿನಲ್ಲಿ ಲೈಸೆನ್ಸ್. ತನ್ನ ಸಾಗುವಳಿಯ ಜಮೀನಿಗೆ ಬಳಸುವವರಿಗೆ 38ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಹಾಗಿಲ್ಲ. ಅಲ್ಲಿನ 2009ರ ನಿರ್ದೇಶನದ ಪ್ರಕಾರ ವೃತ್ತಿಯಾಗಿ ಬಳಸುವವರು, ಮಾರುವವರು, ಸಲಹೆ ಕೊಡುವವರು ಎಲ್ಲರಿಗೂ ಸರ್ಟಿಫಿಕೇಟ್ ಬೇಕು, ತನ್ನದೇ ಹೊಲಕ್ಕೆ ಹೊಡೆಯುವ ರೈತನೂ ಅಲ್ಲಿ ವೃತ್ತಿಯ ಬಳಕೆದಾರನೇ. ಈಗ ಈ ಎರಡು ಕಡೆಯ ನಿಯಮಗಳನ್ನೂ ವಿವರಿಸುವ ಒಂದೇ ಅಧ್ಯಾಯದಲ್ಲಿ ‘ರೈತರಿಗೆ ಪರವಾನಗಿ’ ಅಂತ ಬರೆದರೆ ಏನಾಗುತ್ತದೆ? ಓದಿದವರು ‘ನಾನೂ ಅಂಗಡಿಯವನ ಹಾಗೆ ಲೈಸೆನ್ಸ್ ಮಾಡಿಸಬೇಕಾ’ ಅಂತ ಗಾಬರಿಯಾಗುತ್ತಾರೆ.

ಮೊದಲು ‘ಪರವಾನಗಿ’ಯ ಮಾತು. ಇದು ಫಾರಸಿಯ ‘ಪರ್ವಾನಾ’ದಿಂದ ಬಂದದ್ದು. ಮರಾಠಿಯಲ್ಲಿ ಇದರ ಎರಡು ರೂಪಗಳು ಎರಡು ಕೆಲಸ ಹಂಚಿಕೊಂಡಿವೆ: ‘ಪರವಾನಾ’ ಅಂದರೆ ಲೈಸೆನ್ಸ್, ‘ಪರವಾನಗೀ’ ಅಂದರೆ ಬರೀ ಅನುಮತಿ. ಕನ್ನಡದಲ್ಲಿ ಅನುಮತಿಯ ರೂಪವೇ ಲೈಸೆನ್ಸಿನ ಕುರ್ಚಿಯಲ್ಲಿ ಕೂತಿದೆ. ಹಾಗಾಗಿ ನಮ್ಮ ‘ಪರವಾನಗಿ’ಗೆ ‘ಒಪ್ಪಿಗೆ ಸಿಕ್ಕಿತು’ ಅನ್ನುವ ಸಡಿಲ ಅರ್ಥವೂ ಇದೆ, ‘ನಂಬರ್ ಇರುವ, ಅವಧಿ ಇರುವ, ರದ್ದಾಗಬಹುದಾದ ಕಾಗದ’ ಅನ್ನುವ ಬಿಗಿ ಅರ್ಥವೂ ಇದೆ. ಪರವಾನಿಗೆ, ಪರವಾನಗಿ ಅಂತ ಬರವಣಿಗೆಯಲ್ಲೂ ಎರಡು ಬಗೆ. ನಾನು ‘ಪರವಾನಗಿ’ ಇಟ್ಟುಕೊಂಡಿದ್ದೇನೆ.

ಬೇರೆ ಇಲಾಖೆಗಳಲ್ಲಿ ಈ ಕೆಲಸಕ್ಕೆ ಬೇರೆ ಪದಗಳೂ ಇವೆ. ಅಬಕಾರಿಯಲ್ಲಿ ಲೈಸೆನ್ಸ್ ಅಂದರೆ ‘ಸನ್ನದು’, ಅದು ಇದ್ದವರು ‘ಸನ್ನದುದಾರರು’. ಸಾರಿಗೆಯಲ್ಲಿ ವಾಹನದ ಪರ್ಮಿಟ್ಟಿಗೆ ‘ರಹದಾರಿ’. ಎರಡೂ ಒಳ್ಳೆಯ ಪದಗಳೇ, ಆದರೆ ಒಂದಕ್ಕೆ ಹೆಂಡದ ವಾಸನೆ, ಇನ್ನೊಂದಕ್ಕೆ ಲಾರಿಯ ಸದ್ದು ಅಂಟಿಕೊಂಡಿದೆ. ಬೆಳೆಯ ವಿಷಕ್ಕೆ ತಂದರೆ ಓದುವವರ ತಲೆ ಬೇರೆ ಕಡೆ ಹೋಗುತ್ತದೆ. ಮಾರುವ ಕಾಗದಕ್ಕೆ ‘ಪರವಾನಗಿ’ಯೇ ಇರಲಿ ಅಂತ ನನಗೆ ಅನ್ನಿಸಿದೆ. ರಾಸಾಯನಿಕದ ಕಾಗದಕ್ಕೆ ‘ನೋಂದಣಿ’ ಸರಿಯಾಗಿಯೇ ಕೂರುತ್ತದೆ.

ನಿಜವಾದ ತೊಂದರೆ ಮೂರನೆಯದರಲ್ಲಿ. ಸರ್ಟಿಫೈಡ್ ಅಪ್ಲಿಕೇಟರ್ ಅನ್ನೋದಕ್ಕೆ ನಾನು ಮೊದಲು ‘ಪ್ರಮಾಣಿತ ಬಳಕೆದಾರ’ ಅಂತ ಬರೆದೆ. ‘ಪ್ರಮಾಣಿತ ಬೀಜ’ ಎಲ್ಲರಿಗೂ ಗೊತ್ತಿರುವ ಮಾತು, ಅದೇ ದಾರಿಯಲ್ಲಿ ಹೋದೆ. ಬರೆದದ್ದನ್ನು ನಮ್ಮ ಚಿಕ್ಕಪ್ಪನಿಗೆ ಓದಲು ಕೊಟ್ಟೆ. ಅವರು ವ್ಯವಸಾಯ ಮಾಡಿಕೊಂಡೇ ಬಂದವರು, ಪತ್ರಿಕೆ ಪೂರ್ತಿ ಓದುತ್ತಾರೆ. ಆ ಸಾಲಿನ ಮೇಲೆ ಬೆರಳಿಟ್ಟು, ‘ಸರಿಯಾದ ಪ್ರಮಾಣದಲ್ಲಿ ಹೊಡೆಯೋನು ಅಂತ ತಾನೇ ಇದು?’ ಅಂದರು. ‘ಅಲ್ಲ ಚಿಕ್ಕಪ್ಪ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಗೊಂಡೋನು’ ಅಂದೆ. ಅವರು ಎದ್ದು ಹೋಗಿ ಒಂದು ಡಬ್ಬ ತಂದು ಮುಂದೆ ಇಟ್ಟರು. ಅದರ ಮೇಲೆ ‘ಪ್ರಮಾಣ’ ಅಂತ ಒಂದು ಕಾಲಂ, ಅದರ ಕೆಳಗೆ ಎಕರೆಗೆ ಇಷ್ಟು, ನೀರು ಇಷ್ಟು ಅಂತ ಅಂಕಿಗಳು. ‘ಇಲ್ಲೆಲ್ಲ ಪ್ರಮಾಣ ಅಂದ್ರೆ ಡೋಸು. ನೀನು ಪ್ರಮಾಣಿತ ಅಂದ್ರೆ ನಾವು ಅದನ್ನೇ ತಗೊಳ್ಳೋದು.’

ಅವರ ಮಾತು ಖಂಡಿತ ಸರಿ. ‘ಪ್ರಮಾಣ’ಕ್ಕೆ ಅಳತೆ ಅಂತಲೂ ಅರ್ಥ, ಆಣೆ ಅಂತಲೂ ಅರ್ಥ, ಸಾಕ್ಷ್ಯ ಅಂತಲೂ ಅರ್ಥ. ಬೀಜದ ವಿಷಯದಲ್ಲಿ ಗೊಂದಲ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಆ ಪದ ಚೀಲದ ಮೇಲೆ ಬಂದು ಬಂದು ರೂಢಿಯಾಗಿದೆ. ಆದರೆ ಅಳತೆಯೇ ಪ್ರಾಣ ಉಳಿಸುವ ಇಂಥ ಪುಸ್ತಕದಲ್ಲಿ ಡೋಸಿಗೂ ಸರ್ಟಿಫಿಕೇಟಿಗೂ ಒಂದೇ ಪದ ಇರಬಾರದು. ‘ದೃಢೀಕೃತ’ ನೋಡಿದೆ. ಅದು ಕಚೇರಿಯಲ್ಲಿ ನಕಲು ಪ್ರತಿಗೆ ಸೀಲು ಹೊಡೆಸಿದ ಹಾಗೆ ಕೇಳುತ್ತದೆ. ‘ತರಬೇತಿ ಪಡೆದ’ ಅಂದರೆ ಸಲೀಸು, ಆದರೆ ತರಬೇತಿಗೆ ಹೋಗಿ ಸುಮ್ನೆ ಕೂತು ಬಂದರೂ ತರಬೇತಿ ಪಡೆದಂತೆಯೇ ಅಲ್ವಾ? ಅಮೆರಿಕದಲ್ಲಿ ಬೇರೆಯವರಿಗಾಗಿ ಹೊಡೆಯುವುದನ್ನೇ ವೃತ್ತಿ ಮಾಡಿಕೊಂಡವರು ಈ ಸರ್ಟಿಫಿಕೇಟ್ ಪಡೆಯಲು ಲಿಖಿತ ಪರೀಕ್ಷೆ ಪಾಸಾಗಲೇಬೇಕು, ಹೆಚ್ಚೆಂದರೆ 5 ವರ್ಷಕ್ಕೊಮ್ಮೆ ಅರ್ಹತೆಯನ್ನು ಮತ್ತೆ ತೋರಿಸಬೇಕು. ಅದಕ್ಕೇ ಸದ್ಯಕ್ಕೆ ‘ಅರ್ಹತಾ ಪತ್ರ’ ಅಂತ ಹಾಕಿದ್ದೇನೆ. ಆ 5 ವರ್ಷದ ಮಾತಿಗೆ ‘ನವೀಕರಣ’ ಬಳಸಿಲ್ಲ. ನವೀಕರಣ ಅಂದರೆ ಶುಲ್ಕ ಕಟ್ಟಿ ಸೀಲು ಹಾಕಿಸಿಕೊಳ್ಳುವುದು ಅಂತಲೇ ಎಲ್ಲರ ಮನಸ್ಸಿನಲ್ಲಿ ಇರುವುದು. ಇಲ್ಲಿ ಮತ್ತೆ ಕಲಿಯಬೇಕು ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು.

ಅಪ್ಲಿಕೇಟರ್‌ಗೆ ಹಳೆಯ ಕರಡಿನಲ್ಲಿ ಒಂದು ಕಡೆ ‘ಅರ್ಜಿದಾರ’ ಅಂತ ಇತ್ತು. ಅಪ್ಲಿಕೇಂಟ್ ಅಂತ ಓದಿಕೊಂಡಿರಬೇಕು. ‘ಸಿಂಪಡಿಸುವವರು’ ಅಂದರೆ ಪೂರ್ತಿ ಆಗುವುದಿಲ್ಲ, ಬೀಜಕ್ಕೆ ಲೇಪಿಸುವುದು, ಮಣ್ಣಿಗೆ ಹರಳು ಹಾಕುವುದು, ಗೋದಾಮಿನಲ್ಲಿ ವಿಷದ ಹೊಗೆ ಕೊಡುವುದು ಎಲ್ಲ ಇದರಲ್ಲಿ ಸೇರುತ್ತವೆ. ‘ಬಳಸುವವರು’ ಸಾಕು ಅನ್ನಿಸುತ್ತದೆ.

ಇನ್ನು ಇಡೀ ಪುಸ್ತಕದ ಹೆಸರಿನಲ್ಲೇ ಇರುವ ಪದ. ಕೀಟನಾಶಕವೋ, ಪೀಡೆನಾಶಕವೋ? ಪತ್ರಿಕೆಗಳಲ್ಲಿ ‘ಕ್ರಿಮಿನಾಶಕ’ವೂ ಇದೆ. ಭಾರತದ ಕಾಯ್ದೆಯ ಹೆಸರಿನಲ್ಲಿರುವುದು ಇನ್‌ಸೆಕ್ಟಿಸೈಡ್, ಅಂದರೆ ಕೀಟನಾಶಕ. ಆದರೆ 3ನೇ ಸೆಕ್ಷನ್ನಿನ ವಿವರಣೆಯಲ್ಲಿ ಶಿಲೀಂಧ್ರನಾಶಕ, ಕಳೆನಾಶಕಗಳೂ ಅದರೊಳಗೆ ಬರುತ್ತವೆ. ಕಾನೂನಿನ ಮಟ್ಟಿಗೆ ಅದು ಸರಿ. ಓದುವವರ ಮಟ್ಟಿಗೆ ಸರಿಯಿಲ್ಲ. ‘ಕೀಟನಾಶಕ ಬಳಸುವಾಗ ಕೈಗವಸು ಹಾಕಿ’ ಅಂತ ಬರೆದರೆ, ಕಳೆಗೆ ಹೊಡೆಯುವವರು ಇದು ನಮಗಲ್ಲ ಅಂದುಕೊಳ್ಳಬಹುದು. ಪ್ಯಾರಾಕ್ವಾಟ್ ಕಳೆನಾಶಕವೇ. ಅದು ಹೊಟ್ಟೆಗೆ ಹೋದರೆ ಮದ್ದೇ ಇಲ್ಲ. ಹಾಗಾಗಿ ಕಾಯ್ದೆಯ ಹೆಸರು ಬಂದಾಗ ಮಾತ್ರ ‘ಕೀಟನಾಶಕ’, ಉಳಿದ ಕಡೆ ಎಲ್ಲ ‘ಪೀಡೆನಾಶಕ’ ಅಂತ ಬರೆದಿದ್ದೇನೆ. ಹುಳು, ರೋಗ, ಕಳೆ, ಇಲಿ ಎಲ್ಲವೂ ಪೀಡೆಯೇ. ಚಿಕ್ಕಪ್ಪನಿಗೆ ಈ ಪದವನ್ನು ವಿವರಿಸಬೇಕಾಗಲೇ ಇಲ್ಲ.

ಪ್ಯಾರಾಕ್ವಾಟ್ ಬಂದದ್ದಕ್ಕೆ ಇನ್ನೆರಡು ಪದ ಕೇಳಿಬಿಡುತ್ತೇನೆ. ಅಮೆರಿಕದಲ್ಲಿ ಅದು ‘ರಿಸ್ಟ್ರಿಕ್ಟೆಡ್ ಯೂಸ್’ ಪಟ್ಟಿಯಲ್ಲಿದೆ. ಇದಕ್ಕೆ ‘ನಿರ್ಬಂಧಿತ’ ಅಂದರೆ ಓದಿದವರಲ್ಲಿ ಜಾಸ್ತಿ ಜನ ‘ನಿಷೇಧಿತ’ ಅಂತಲೇ ತಿಳಿಯುತ್ತಾರೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ನಿಷೇಧ ಆದದ್ದನ್ನು ಯಾರೂ ಮುಟ್ಟುವಂತಿಲ್ಲ. ರಿಸ್ಟ್ರಿಕ್ಟೆಡ್ ಆದದ್ದನ್ನು ಅರ್ಹತಾ ಪತ್ರ ಇರುವವರು ಬಳಸಬಹುದು, ಸಾಮಾನ್ಯವಾಗಿ ಅವರ ನೇರ ಉಸ್ತುವಾರಿಯಲ್ಲಿ ಬೇರೆಯವರೂ ಬಳಸಬಹುದು. ಪ್ಯಾರಾಕ್ವಾಟ್‌ಗೆ ಮಾತ್ರ ಆ ಉಸ್ತುವಾರಿಯ ಅವಕಾಶವನ್ನೂ ತೆಗೆದಿದ್ದಾರೆ, ಪತ್ರ ಇದ್ದವರೇ ಬಳಸಬೇಕು, ಅದಕ್ಕೆ ವಿಶೇಷ ತರಬೇತಿ ಬೇರೆ. ನಾನು ‘ಅರ್ಹರಿಗೆ ಮಾತ್ರ’ ಅಂತ ಬರೆದು ನೋಡಿದೆ. ಅರ್ಥ ತಕ್ಷಣ ತಿಳಿಯುತ್ತದೆ, ಆದರೆ ‘ಅರ್ಹರಿಗೆ ಮಾತ್ರ ಪೀಡೆನಾಶಕಗಳ ಪಟ್ಟಿ’ ಅನ್ನುವಾಗ ನಾಲಿಗೆ ತೊಡರುತ್ತದೆ. ‘ಸೀಮಿತ ಬಳಕೆ’ ಅಂದರೆ ಕಡಿಮೆ ಹೊಡೆಯಿರಿ ಅಂದ ಹಾಗಾಗುತ್ತದೆ, ಮತ್ತೆ ಡೋಸಿನ ಗೊಂದಲ.

ಕೊನೆಗೆ ‘ಔಷಧಿ’. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ. ಮಾತಿನಲ್ಲಿ ನಾವೆಲ್ಲ ‘ಔಷಧಿ ಹೊಡೆಯೋದು’ ಅಂತಲೇ ಹೇಳುವುದು, ಕೆಲವು ಕಡೆ ‘ಎಣ್ಣೆ ಹೊಡೆಯೋದು’. ಗಿಡಕ್ಕೆ ಅದು ಔಷಧಿ ಅನ್ನುವ ಭಾವ ಸಹಜವಾದದ್ದು, ಆ ಮಾತಿನಲ್ಲಿ ಬೆಳೆಯ ಮೇಲಿನ ಪ್ರೀತಿಯೂ ಇದೆ. ಆದರೆ ಚಿಕ್ಕಪ್ಪ ತಂದ ಆ ಡಬ್ಬದ ಮೇಲೆ ವಜ್ರಾಕಾರದ ಒಂದು ಗುರುತು ಇತ್ತು. ಮೇಲಿನ ಅರ್ಧದಲ್ಲಿ ತಲೆಬುರುಡೆ, ಅಡ್ಡಡ್ಡ ಎರಡು ಮೂಳೆ, ವಿಷ ಅನ್ನುವ ಮಾತು. ಕೆಳಗಿನ ಅರ್ಧ ಕಡುಕೆಂಪು. ಭಾರತದ ನಿಯಮದಲ್ಲಿ ಕೆಂಪು ಅಂದರೆ ಅತಿ ಹೆಚ್ಚು ವಿಷ: ಪ್ರಯೋಗದ ಪ್ರಾಣಿಗಳಿಗೆ ತಿನ್ನಿಸಿದಾಗ ಮೈತೂಕದ ಪ್ರತಿ ಕಿಲೋಗೆ 1ರಿಂದ 50 ಮಿಲಿಗ್ರಾಂ ಸಾಕು, ಅರ್ಧದಷ್ಟು ಸಾಯುತ್ತವೆ. ಹಳದಿ, ನೀಲಿ, ಹಸಿರು ಅಂತ ವಿಷ ಕಡಿಮೆಯಾಗುತ್ತಾ ಹೋಗುತ್ತದೆ. ಆ ಕೆಂಪಿನ ಪಕ್ಕದಲ್ಲಿ ನಾನು ‘ಔಷಧಿ’ ಅಂತ ಬರೆಯಲಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಮೊದಲು ತಂದ ನಡವಳಿಕೆಯ ಸಂಹಿತೆಯಲ್ಲಿ, ಜಾಹೀರಾತಿನಲ್ಲಿ ‘ಸುರಕ್ಷಿತ’, ‘ವಿಷವಲ್ಲ’ ಅನ್ನುವ ಮಾತುಗಳು ಬೇಡ ಅಂತ ಇದೆ. ಕನ್ನಡದಲ್ಲಿ ‘ಔಷಧಿ’ ಅನ್ನುವ ಒಂದೇ ಪದ ಆ ಎರಡನ್ನೂ ಸೇರಿಸಿ ಹೇಳಿಬಿಡುತ್ತದೆ. ಆದರೆ ಪುಸ್ತಕದಲ್ಲಿ ಒಮ್ಮೆಯೂ ‘ಔಷಧಿ’ ಬರದಿದ್ದರೆ, ಇದು ನಮ್ಮ ವಿಷಯ ಅಂತ ಓದುವವರಿಗೆ ಗೊತ್ತಾಗದೆ ಹೋಗುವ ಭಯವೂ ಇದೆ. ಮೊದಲ ಪುಟದಲ್ಲಿ ‘ನಾವು ಔಷಧಿ ಅನ್ನುವ ಈ ವಿಷ’ ಅಂತ ಒಂದು ಸಲ ಬರೆದು, ಮುಂದೆ ಪೀಡೆನಾಶಕ ಅಂತಲೇ ಹೋಗಿದ್ದೇನೆ.

ನಿಮ್ಮನ್ನು ಕೇಳಬೇಕಾದದ್ದು ಎರಡು. ‘ಅರ್ಹತಾ ಪತ್ರ’ಕ್ಕಿಂತ ಬಾಯಿಗೆ ಹಗುರವಾದ, ಅಳತೆಯ ಅರ್ಥ ಬಾರದ ಪದ ನಿಮ್ಮ ಬಳಕೆಯಲ್ಲಿ ಇದೆಯೇ? ಮತ್ತೆ, ನಿಷೇಧ ಅಲ್ಲ, ಆದರೆ ಎಲ್ಲರ ಕೈಗೂ ಕೊಡುವುದಿಲ್ಲ ಅನ್ನೋದನ್ನು ನೀವು ಒಂದೇ ಪದದಲ್ಲಿ ಹೇಗೆ ಹೇಳುತ್ತೀರಿ? ವ್ಯವಸಾಯ ಮಾಡುವವರು, ಇಂಥ ಅಂಗಡಿ ಇಟ್ಟುಕೊಂಡವರು ನಿಮ್ಮ ಮನೆಯಲ್ಲಿ ಇದ್ದರೆ, ದಯವಿಟ್ಟು ಅವರನ್ನೇ ಕೇಳಿ ಅವರ ಬಾಯಿಂದ ಬಂದ ಮಾತನ್ನು ಹಾಗೆಯೇ ಬರೆದು ಕಳಿಸಿ.