ಸಹಾಯ ಬೇಕು: ಹಪ್ಪಳದ ವ್ಯಾಪಾರಕ್ಕೆ ವಾಟ್ಸಾಪ್ ಚಾನೆಲ್ ಈಗಲೇ ಬೇಕಾ?

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿ ನಮ್ಮದು. ನಾನು, ಅತ್ತೆ ಸೇರಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ.

ಆರ್ಡರ್ ಬರುವುದೆಲ್ಲ ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಿಂದ. ಒಂದು ಲಿಸ್ಟಿಗೆ 256 ಜನ ಅಷ್ಟೇ. ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಹಾಗಾಗಿ ಎಷ್ಟೋ ಹಳೆ ಗಿರಾಕಿಗಳಿಗೆ ಹಪ್ಪಳ ರೆಡಿ ಆದ ಸುದ್ದಿಯೇ ಮುಟ್ಟುವುದಿಲ್ಲ. ಇದು ನಿಜಕ್ಕೂ ಬೇಜಾರು.

"ಅತ್ತಿಗೆ, ಚಾನೆಲ್ ಶುರು ಮಾಡಿ, ದಿನಾ ಒಂದು ರೀಲ್ಸ್ ಹಾಕಿ" ಅಂತ ಮೈದುನ ಹೇಳುತ್ತಲೇ ಇದ್ದಾನೆ. ಚಾನೆಲ್ ಅಂದರೆ ನಾವು ಹಾಕಿದ್ದನ್ನು ಫಾಲೋ ಮಾಡಿದವರು ನೋಡುವುದು, ಗ್ರೂಪಿನ ಹಾಗೆ ಮಾತುಕತೆ ಇರುವುದಿಲ್ಲ. ಚಾನೆಲ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅದು ನನಗೂ ಇಷ್ಟ. ಆದರೆ ನಮ್ಮ ಗಿರಾಕಿಗಳು ಮಾತಾಡಿಯೇ ಕೊಳ್ಳುವವರು. "ಖಾರ ಕಮ್ಮಿ ಹಾಕಿ", "ಈ ಸಲ ಮಿಡಿ ಹೇಗಿದೆ" ಅಂತ ಕೇಳುತ್ತಾರೆ. ಆ ಮಾತು ತಪ್ಪಿಹೋದರೆ?

ಇನ್ನೊಂದು ಭಯವೂ ಇದೆ. ಟಿಕ್‌ಟಾಕ್‌ನಲ್ಲಿ ಕಷ್ಟಪಟ್ಟು ಜನರನ್ನು ಸೇರಿಸಿದ್ದೆ. 2020ರ ಜೂನ್‌ನಲ್ಲಿ ಅದು ಬಂದ್ ಆಯಿತು, ಅವರಲ್ಲಿ ಒಬ್ಬರ ನಂಬರೂ ನನ್ನ ಹತ್ತಿರ ಇರಲಿಲ್ಲ. ಚಾನೆಲ್‌ಗೂ ಹಾಗೇ ಆದರೆ?

ಏಪ್ರಿಲ್, ಮೇ ಬಂದರೆ ಹಲಸಿನ ತೊಳೆ ಬೇಯಿಸಿ, ಕುಟ್ಟಿ, ಒತ್ತಿ ಒಣಗಿಸುವುದರಲ್ಲೇ ದಿನ ಮುಗಿಯುತ್ತದೆ. ವಿಡಿಯೋಗೆ ಬಿಡುವೆಲ್ಲಿ? ಸೀಸನ್‌ಗೆ ಮೊದಲೇ ಶುರು ಮಾಡಲಾ, ಮುಗಿದ ಮೇಲಾ? ಮನೆಯಲ್ಲೇ ತಿಂಡಿ ಮಾಡಿ ಮಾರುವವರು ಯಾರಾದರೂ ಚಾನೆಲ್ ಮಾಡಿದ್ದೀರಾ? ಆರ್ಡರ್ ಜಾಸ್ತಿ ಆಯಿತಾ, ಸುಮ್ನೆ ಲೈಕ್ ಮಾತ್ರ ಬಂತಾ? ದಯವಿಟ್ಟು ನಿಮ್ಮ ಅನುಭವ ಹೇಳಿ.