ಎಲ್ಲೂ ಇಲ್ಲದ ತಂಡಗಳಿಗೆಲ್ಲ ಮಗ ಫುಟ್‌ಬಾಲ್ ಜರ್ಸಿ ಬರೆಯುತ್ತಾನೆ, ಗೊತ್ತಿದ್ದವರು ದಾರಿ ಹೇಳಿ

ಕಾರವಾರ, ಕಾಜುಬಾಗದಿಂದ:

ನಮಸ್ಕಾರ. ನನ್ನ ಮಗ ಒಂಬತ್ತನೇ ತರಗತಿ. ಫುಟ್‌ಬಾಲ್ ಆಡುವುದಕ್ಕಿಂತ ಅದರ ಜರ್ಸಿ ಬರೆಯುವುದೇ ಅವನಿಗೆ ಹೆಚ್ಚು ಇಷ್ಟ. ಬ್ರೆಜಿಲ್‌ಗೆ ಒಂದು, ಬೆಂಗಳೂರು ಎಫ್‌ಸಿಗೆ ಒಂದು ಅಂತ ನೋಟ್‌ಬುಕ್ ತುಂಬ ಬರೆದಿದ್ದಾನೆ. ಜೊತೆಗೆ ಎಲ್ಲೂ ಇಲ್ಲದ ತಂಡಗಳು: ಕಾಳಿ ನದಿ ಹೆಸರಿನ ಕ್ಲಬ್, ಸದಾಶಿವಗಡದ ಕ್ಲಬ್, ಉತ್ತರ ಕನ್ನಡವೇ ಒಂದು ದೇಶವಾಗಿದ್ದರೆ ಅದರ ತಂಡ. ತೊಂದರೆ ಏನೆಂದರೆ ಒಂದೇ ಅಂಗಿಯಲ್ಲಿ ಸೇತುವೆ, ಕೋಟೆ, ಯುದ್ಧನೌಕೆ, ಬಂಗಡೆ, ಗಾಳಿಮರ ಎಲ್ಲ ತುಂಬಿಸುತ್ತಾನೆ. ಚಿತ್ರ ಚಂದ ಇರುತ್ತದೆ, ಜರ್ಸಿ ಅನ್ನಿಸುವುದಿಲ್ಲ. ಅದು ಅವನಿಗೂ ಗೊತ್ತಾಗುತ್ತದೆ, ಹಾಳೆ ಹರಿದು ಹಾಕುತ್ತಾನೆ. ನನಗೆ ಚಿತ್ರವೂ ಗೊತ್ತಿಲ್ಲ, ಫುಟ್‌ಬಾಲೂ ಗೊತ್ತಿಲ್ಲ. ಹೇಗೆ ಹೇಳಿಕೊಡಲಿ? ಕಂಪ್ಯೂಟರ್ ಬೇಕಾ? ಅವನು ಬರೆದದ್ದನ್ನು ಒಂದಾದರೂ ನಿಜವಾಗಿ ಹೊಲಿಸಿ ಕೊಡಬೇಕೆಂದು ನನಗೆ ಆಸೆ. ಅದು ಸಾಧ್ಯವಾ?

ಶಿರಸಿಯಿಂದ, ಗ್ರಾಫಿಕ್ ಡಿಸೈನ್ ಕೆಲಸದವರು:

ಅಕ್ಕಾ, ನಿಮ್ಮ ಮಾಣಿಗೆ ಮೊದಲು ಅಲ್ಡಿರ್ ಗಾರ್ಸಿಯಾ ಶ್ಲೀ ಅವರ ಕತೆ ಹೇಳಿ. 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತನ್ನ ಮಾರಕಾನಾ ಮೈದಾನದಲ್ಲೇ ಉರುಗ್ವೆ ಎದುರು 2-1ರಿಂದ ಸೋತಿತು. ಆಗ ಬ್ರೆಜಿಲ್‌ನವರು ತೊಡುತ್ತಿದ್ದದ್ದು ನೀಲಿ ಕಾಲರಿನ ಬಿಳಿ ಅಂಗಿ. ಆ ಬಿಳಿಯಲ್ಲಿ ತಮ್ಮ ದೇಶದ್ದು ಏನೂ ಇಲ್ಲ ಅಂತ ಜನಕ್ಕೆ ಅನ್ನಿಸಿತು. ಮುಂದೆ ಅಲ್ಲಿನ ಪತ್ರಿಕೆಯೊಂದು ಹೊಸ ಅಂಗಿಗೆ ಸ್ಪರ್ಧೆ ಇಟ್ಟಿತು. ಧ್ವಜದ ನಾಲ್ಕೂ ಬಣ್ಣ ಬರಬೇಕು ಎನ್ನುವುದು ಷರತ್ತು: ಹಳದಿ, ಹಸಿರು, ನೀಲಿ, ಬಿಳಿ. 1953ರಲ್ಲಿ ಗೆದ್ದವರು ಉರುಗ್ವೆ ಗಡಿಯ ಊರಿನವರಾದ ಶ್ಲೀ. ಆಗ ಅವರಿಗೆ 19 ವರ್ಷ, ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು.

ನಾಲ್ಕು ಬಣ್ಣವನ್ನೂ ಒಂದೇ ಅಂಗಿಗೆ ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ. ಶ್ಲೀ ಅವುಗಳನ್ನು ಹಂಚಿದರು. ಹಳದಿ ಅಂಗಿ, ಅದಕ್ಕೆ ಹಸಿರು ಕಾಲರು ಮತ್ತು ತೋಳಂಚು, ನೀಲಿ ಚಡ್ಡಿ, ಅದಕ್ಕೆ ಬಿಳಿ ಪಟ್ಟಿ, ಬಿಳಿ ಕಾಲುಚೀಲ. 1954ರಿಂದ ಬ್ರೆಜಿಲ್ ಅದನ್ನೇ ತೊಡುತ್ತಿದೆ. ನಿಮ್ಮ ಮಗನ ತೊಡಕೂ ಶ್ಲೀ ಅವರದ್ದೇ. ತುಂಬಬೇಕಾದದ್ದು ಬಹಳ ಇದೆ, ಜಾಗ ಕಡಿಮೆ. ಹಾಗಿದ್ದಾಗ ಹಂಚಬೇಕು. ಅಂಗಿಯ ಜೊತೆ ಚಡ್ಡಿ, ಕಾಲುಚೀಲವೂ ಅವನ ಕೈಯಲ್ಲಿವೆ. ಇನ್ನೂ ದೊಡ್ಡ ಸೌಕರ್ಯ ಎಂದರೆ ಒಂದು ಕ್ಲಬ್ಬಿಗೆ ಒಂದೇ ಜರ್ಸಿ ಇರುವುದಿಲ್ಲ. ತಮ್ಮ ಮೈದಾನಕ್ಕೆ ಒಂದು, ಪರ ಊರಿಗೆ ಒಂದು, ಎಷ್ಟೋ ಕ್ಲಬ್ಬುಗಳಿಗೆ ಮೂರನೆಯದೂ ಇದೆ, ಗೋಲ್‌ಕೀಪರಿಗೆ ಬೇರೆಯೇ. ಸೇತುವೆ ಒಂದಕ್ಕೆ ಹೋಗಲಿ, ಬಂಗಡೆ ಇನ್ನೊಂದಕ್ಕೆ. ಒಂದು ಅಂಗಿಗೆ ಒಂದೇ ಕಾರಣ. ಆ ಕಾರಣವನ್ನು ಹಾಳೆಯ ಕೆಳಗೆ ಒಂದು ಸಾಲಿನಲ್ಲಿ ಬರೆಯಲು ಹೇಳಿ. ಸಾಲು ಎರಡಾದರೆ ಅಂಗಿಯಲ್ಲಿ ಏನೋ ಹೆಚ್ಚಾಗಿದೆ ಅಂತ ಲೆಕ್ಕ.

ಇನ್ನೊಂದು ಮಾತು ಬಂಗಡೆಯ ಬಗ್ಗೆ. ಅಂಗಿ ಮೇಲೆ ಮೀನು ಬರೆದರೆ ಅದು ಮೀನಿನ ಚಿತ್ರ ಅಷ್ಟೇ. ಬೈತಖೋಲ ಬಂದರಿಗೆ ಕರೆದುಕೊಂಡು ಹೋಗಿ, ತಾಜಾ ಬಂಗಡೆಯನ್ನು ಕೈಯಲ್ಲಿ ಹಿಡಿದು ನೋಡಲಿ. ಬೆನ್ನು ನೀಲಿ ಹಸಿರು, ಅದರ ಮೇಲೆ ಉದ್ದಕ್ಕೆ ಓಡುವ ಕಪ್ಪು ಗೆರೆಗಳು, ಹೊಟ್ಟೆ ಬೆಳ್ಳಿ. ಭುಜದ ಹತ್ತಿರ ಕಡು ನೀಲಿ, ಕೆಳಗೆ ಬರುತ್ತ ಬೆಳ್ಳಿ, ಮೇಲ್ಭಾಗದಲ್ಲಿ ಮಾತ್ರ ನಾಲ್ಕೈದು ತೆಳು ಗೆರೆ. ಮೀನನ್ನು ಎಲ್ಲೂ ಬರೆಯದೆಯೂ ಕರಾವಳಿಯವರಿಗೆ ಅದು ಬಂಗಡೆ ಅಂತ ತಿಳಿಯುತ್ತದೆ. ಘಟ್ಟದ ಮೇಲಿನ ತಂಡ ಬರೆಯುವುದಾದರೆ ನಮ್ಮ ಕೆಮ್ಮಣ್ಣು, ಶೇಡಿ ಎನ್ನುವ ಬಿಳಿ ಮಣ್ಣು ಇದೆ. ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ತೋರಿಸಿ: ಬಿಳಿ ಗಾರೆ, ಕೆಂಪು ಬಣ್ಣ, ಎರಡರಲ್ಲೇ ಇಡೀ ಗೋಡೆ ತುಂಬಿದೆ. ಎರಡು ಬಣ್ಣದಲ್ಲಿ ಎಷ್ಟು ಹೇಳಬಹುದು ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕಂಪ್ಯೂಟರ್ ಈಗಲೇ ಬೇಡ. ಅಂಗಿಯ ಹೊರಗೆರೆ ಮಾತ್ರ ಇರುವ ಹಾಳೆಯನ್ನು ಹಿಂದೆ ಮುಂದೆ ಎರಡೂ ಬರುವಂತೆ ಜೆರಾಕ್ಸ್ ಮಾಡಿಸಿ ಒಂದು ಕಟ್ಟು ಕೊಡಿ. ಹೊರಗೆರೆ ಬರೆಯುವ ಶ್ರಮ ತಪ್ಪಿದರೆ ಒಂದೇ ಯೋಚನೆಯನ್ನು ಹತ್ತು ರೀತಿ ಹಾಕಿ ನೋಡಲು ಮನಸ್ಸಾಗುತ್ತದೆ. ಪೆನ್ಸಿಲ್ ಡಬ್ಬಿಯಿಂದ ಮೂರೇ ಬಣ್ಣ ಆರಿಸಿಕೊಳ್ಳಲಿ. ಆಮೇಲೆ ಹಾಳೆಯನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಲಿ. ಅಲ್ಲಿಂದ ಕಾಣದ್ದು ಮೈದಾನದಲ್ಲೂ ಕಾಣುವುದಿಲ್ಲ. ಮನಸ್ಸಿಗೆ ಹಿಡಿಸಿದ್ದನ್ನು ಮಾತ್ರ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹಾಕಿದರಾಯಿತು. ಅದು ಉಚಿತ. ಅದರಲ್ಲಿ ಬರೆದದ್ದನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ, ಮುಂದೆ ಪ್ರಿಂಟಿಗೆ ಅದೇ ಬೇಕು.

ಹೊನ್ನಾವರದಿಂದ, ಯಕ್ಷಗಾನದ ಮನೆಯವರು:

ಚೌಕುಳಿಯ ಮಾತು ಯಾರೂ ಎತ್ತಲಿಲ್ಲವಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಕ್ರೊವೇಷಿಯಾ ತಂಡದ ಕೆಂಪು ಬಿಳಿ ಚೌಕ ಎಲ್ಲರಿಗೂ ಗೊತ್ತು. ಅದು ಅವರ ಧ್ವಜದ ನಡುವಿನ ಲಾಂಛನದಿಂದ ಬಂದದ್ದು. ಲಾಂಛನದಲ್ಲಿ 25 ಚೌಕ ಇವೆ. ಅಂಗಿಯಲ್ಲಿ ಚೌಕ ಒಮ್ಮೆ ದೊಡ್ಡದಿರುತ್ತದೆ, ಒಮ್ಮೆ ಸಣ್ಣದು, ಒಮ್ಮೆ ಒಂದೇ ಬದಿಗೆ. ಆದರೂ ಟಿವಿ ಹಚ್ಚಿದ ಕೂಡಲೇ ತಂಡ ಯಾವುದೆಂದು ಗೊತ್ತಾಗುತ್ತದೆ.

ನಮ್ಮ ಬಡಗುತಿಟ್ಟು ಯಕ್ಷಗಾನದಲ್ಲಿ ವೇಷಧಾರಿ ಉಡುವ ಕಸೆ ಸೀರೆಯ ಚೌಕುಳಿಯೂ ಹಾಗೇ. ಕೊನೆಯ ಸಾಲಿನಲ್ಲಿ ಕೂತವನಿಗೂ ವೇಷ ತಿರುಗಿದ್ದು, ಕುಣಿದದ್ದು ಆ ಚೌಕದಿಂದಲೇ ಕಣ್ಣಿಗೆ ಸಿಗುತ್ತದೆ. ಉತ್ತರ ಕನ್ನಡದ ತಂಡಕ್ಕೆ ಕಿರೀಟ, ಭುಜಕೀರ್ತಿ ಎಲ್ಲ ಬರೆಯಲು ಹೋಗಬೇಡ ಅನ್ನಿ. ಕೆಂಪು ಹಳದಿ ಚೌಕುಳಿ ಒಂದೇ ಸಾಕು. ಅದನ್ನೂ ಅಂಗಿ ತುಂಬ ಹಾಕುವುದಕ್ಕಿಂತ ತೋಳಿಗೋ ಚಡ್ಡಿಯ ಪಕ್ಕಕ್ಕೋ ಹಾಕಿದರೆ ಗೌರವ ಉಳಿಯುತ್ತದೆ. ದೇವರ ಮುಖ, ದೈವದ ಬಣ್ಣ ಹಾಕುವುದು ಬೇಡ. ಬೆವರಿಗೆ, ಕೆಸರಿಗೆ ಬೀಳುವ ಬಟ್ಟೆ ಅದು.

ದಾಂಡೇಲಿಯಿಂದ, ರೆಫ್ರಿ ಆಗಿ ಕೆಲಸ ಮಾಡಿದವರು:

ಮೇಡಂ, ಚಂದದ ಮಾತು ಆಯಿತು, ನಾನು ಆಟದ ಮಾತು ಹೇಳುತ್ತೇನೆ. 1996ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬೂದು ಬಣ್ಣದ ಅಂಗಿ ತೊಟ್ಟು ಸೌತಾಂಪ್ಟನ್ ಊರಿಗೆ ಹೋಗಿ ಅರ್ಧ ಸಮಯಕ್ಕೆ 3-0 ಹಿಂದಿತ್ತು. ವಿರಾಮದಲ್ಲಿ ಇಡೀ ತಂಡ ಅಂಗಿ ಬದಲಿಸಿತು. ಗ್ಯಾಲರಿಯ ಜನರ ಹಿನ್ನೆಲೆಯಲ್ಲಿ ಬೂದು ಬಣ್ಣ ಕಳೆದುಹೋಗಿ, ತಮ್ಮವರೇ ತಮಗೆ ಕಾಣಲಿಲ್ಲ ಎಂದು ತರಬೇತುದಾರ ಅಲೆಕ್ಸ್ ಫರ್ಗುಸನ್ ಕಾರಣ ಕೊಟ್ಟರು. ಪಂದ್ಯ 3-1ರಲ್ಲಿ ಸೋತರು, ಆ ಅಂಗಿಯನ್ನು ಮತ್ತೆ ತೊಡಲಿಲ್ಲ. ನೋಟ್‌ಬುಕ್‌ನಲ್ಲಿ ಬಹಳ ಸೊಗಸಾಗಿ ಕಾಣುವ ತಿಳಿ ಬಣ್ಣಗಳಿಗೆ ಈ ಅಪಾಯ ಇದೆ. ನಮ್ಮಲ್ಲಿ ಇನ್ನೊಂದು: ಮಳೆಗಾಲದ ಮೈದಾನದಲ್ಲಿ ಕಡು ಹಸಿರು ಅಂಗಿ ಹುಲ್ಲಿನಲ್ಲಿ ಸೇರಿಹೋಗುತ್ತದೆ, ಕೆಮ್ಮಣ್ಣಿನ ಬಣ್ಣದ್ದು ಕೆಸರಿನಲ್ಲಿ. ಶಿರಸಿಯವರು ಹೇಳಿದ ಕೆಮ್ಮಣ್ಣು ನನಗೂ ಇಷ್ಟ. ಆದರೆ ಅಂಗಿಯ ಮುಖ್ಯ ಬಣ್ಣ ಶೇಡಿಯ ಬಿಳಿ ಇರಲಿ, ಕೆಂಪು ಗೆರೆಗೆ ಬರಲಿ.

ಬೆನ್ನಿನ ಸಂಖ್ಯೆಯನ್ನು ಮಕ್ಕಳು ಕೊನೆಗೆ ಎಲ್ಲೋ ತುರುಕುತ್ತಾರೆ. ದೊಡ್ಡ ಪಂದ್ಯಾವಳಿಗಳಲ್ಲಿ ಅದು 25ರಿಂದ 35 ಸೆಂಟಿಮೀಟರ್ ಎತ್ತರ ಇರಬೇಕು ಅಂದರೆ ಬೆನ್ನಿನ ಬಹುಪಾಲು ಅದೇ. ಹಾಗಾಗಿ ಹಿಂಭಾಗದಲ್ಲಿ ಮೊದಲು ಸಂಖ್ಯೆ ಬರೆದು ಉಳಿದ ಜಾಗದಲ್ಲಿ ವಿನ್ಯಾಸ ಮಾಡಲಿ. ಪಟ್ಟೆ ಅಂಗಿಯಾದರೆ ಸಂಖ್ಯೆಯ ಹಿಂದೆ ಒಂದೇ ಬಣ್ಣದ ಚೌಕ ಬಿಡಲಿ. ಕನ್ನಡ ಅಂಕಿ ಹಾಕುವ ಆಸೆ ಇದ್ದರೆ ಖಂಡಿತ ಹಾಕಲಿ, ನನಗೆ ಬಹಳ ಸಂತೋಷ. ಆದರೆ ೬ ಮತ್ತು ೯, ೦ ಮತ್ತು ೧ ದೂರದಿಂದ ಒಂದೇ ಥರ ಕಾಣುತ್ತವೆ. ಬಾಲವನ್ನು ಉದ್ದ ಮಾಡಿ, ಬಾಯಿ ಅಗಲ ತೆರೆದು ಬರೆಯಬೇಕಾಗುತ್ತದೆ. ಅಂಥ ಒಂದು ಅಂಕಿಮಾಲೆಯನ್ನು ಅವನೇ ಬರೆದರೆ ಅದೇ ಒಂದು ದೊಡ್ಡ ಕೆಲಸ.

ಗೋಲ್‌ಕೀಪರ್ ಅಂಗಿ ಎರಡೂ ತಂಡದ ಆಟಗಾರರಿಗಿಂತ, ರೆಫ್ರಿಗಿಂತ ಬೇರೆ ಬಣ್ಣದ್ದಾಗಿರಬೇಕು, ನಿಯಮವೇ ಹಾಗಿದೆ. ನಿಮ್ಮ ಮಗನ ಹುಚ್ಚು ಬಣ್ಣಗಳಿಗೆಲ್ಲ ಅದೇ ಜಾಗ. ಮೆಕ್ಸಿಕೊದ ಹೋರ್ಹೆ ಕ್ಯಾಂಪೋಸ್ ಸಮುದ್ರ ದಂಡೆಯ ಅಕಾಪುಲ್ಕೊದವರು. ಗುಲಾಬಿ, ಹಳದಿ, ಹಸಿರು ಎಲ್ಲ ಒಟ್ಟಿಗೆ ಹೊಳೆಯುವ ಅಂಗಿಗಳನ್ನು ತಾವೇ ವಿನ್ಯಾಸ ಮಾಡಿಕೊಂಡು 1994ರ ವಿಶ್ವಕಪ್‌ನಲ್ಲಿ ಗೋಲು ಕಾಯ್ದರು. ಕಾರವಾರದ ಹುಡುಗನಿಗೆ ಇವರ ಅಂಗಿ ತೋರಿಸಲೇಬೇಕು.

ಮಾಜಾಳಿಯಿಂದ:

ಇಲ್ಲದ ಕ್ಲಬ್ಬಿಗೆ ಬರೆಯುವುದು ಸುಲಭ, ಇರುವ ಕ್ಲಬ್ಬಿಗೆ ಹೊಸದು ಬರೆಯುವುದು ಕಷ್ಟ. ಎರಡನ್ನೂ ಮಾಡಲಿ. ಕೋಲ್ಕತ್ತಾದ ಕ್ಲಬ್ಬುಗಳನ್ನೇ ನೋಡಿ: ಮೋಹನ್ ಬಾಗಾನ್ ಅಂದರೆ ಹಸಿರು ಮತ್ತು ಮರೂನ್, ಈಸ್ಟ್ ಬೆಂಗಾಲ್ ಅಂದರೆ ಕೆಂಪು ಮತ್ತು ಬಂಗಾರ. ಅದನ್ನು ಮುಟ್ಟದೆ ಹೊಸತನ ತರಬೇಕು. ವೇಲ್ಸ್‌ನ ಕಾರ್ಡಿಫ್ ಸಿಟಿ ಎಂಬ ನೀಲಿ ಕ್ಲಬ್ಬಿಗೆ ಮಾಲೀಕರು 2012ರಲ್ಲಿ ಕೆಂಪು ಅಂಗಿ ತೊಡಿಸಿದರು. ಅಭಿಮಾನಿಗಳ ವಿರೋಧ ನಿಲ್ಲಲೇ ಇಲ್ಲ, 2015ರಲ್ಲಿ ನೀಲಿಗೆ ಮರಳಿದರು.

ಬಣ್ಣಕ್ಕೆ ಧ್ವಜವೇ ಕಾರಣ ಆಗಬೇಕೆಂದಿಲ್ಲ ಅಂತಲೂ ಹೇಳಿ. ಇಟಲಿ ತಂಡ ತೊಡುವುದು ನೀಲಿ, ಆದರೆ ಅವರ ಧ್ವಜದಲ್ಲಿ ನೀಲಿ ಇಲ್ಲ, ಅದು ಸವೋಯ್ ರಾಜಮನೆತನದ ಬಣ್ಣ. ನೆದರ್ಲೆಂಡ್ಸ್‌ನ ಕಿತ್ತಳೆಯೂ ರಾಜಮನೆತನದ್ದೇ. ಅರ್ಜೆಂಟೀನಾದ ಬೊಕಾ ಜೂನಿಯರ್ಸ್ ಬಂದರಿನ ಕ್ಲಬ್. ಬಣ್ಣ ಯಾವುದಿರಲಿ ಅಂತ ತೀರ್ಮಾನವಾಗದೆ, ಬಂದರಿಗೆ ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಅಂದರಂತೆ. ಬಂದದ್ದು ಸ್ವೀಡನ್ನಿನ ಹಡಗು, ಅಂದಿನಿಂದ ನೀಲಿ ಹಳದಿ, ಹಾಗಂತ ಆ ಕ್ಲಬ್ಬಿನವರೇ ಹೇಳಿಕೊಳ್ಳುತ್ತಾರೆ. ಬೈತಖೋಲದಲ್ಲಿ ಕೂತು ದೋಣಿಗಳ ಬಣ್ಣ ನೋಡಿದರೆ ಒಂದು ಡಜನ್ ಜರ್ಸಿ ಸಿಗುತ್ತವೆ.

ಅಭ್ಯಾಸಕ್ಕೆ ಯಾವ ಕ್ಲಬ್ಬಿನ ಲಾಂಛನ ಬರೆದರೂ ಅಡ್ಡಿಯಿಲ್ಲ. ಹೊಲಿಸಿ ಮಾರುವ ಮಾತು ಬಂದರೆ ಬೇರೆಯವರ ಲಾಂಛನ, ಕಂಪನಿ ಗುರುತು, ಅಡಿಡಾಸ್‌ನ ಮೂರು ಪಟ್ಟಿ ಇವು ಯಾವುದೂ ಇರಬಾರದು.

ಕಾಜುಬಾಗದಿಂದ, ಮತ್ತೆ:

ಎಲ್ಲರಿಗೂ ಧನ್ಯವಾದ. ಮಗನಿಗೆ ಓದಿ ಹೇಳಿದೆ. ಕ್ಯಾಂಪೋಸ್ ಅಂಗಿ ಹುಡುಕಿ ನೋಡುತ್ತ ಕೂತಿದ್ದಾನೆ. ಕಾಳಿ ಕ್ಲಬ್ಬಿಗೆ ಬಂಗಡೆ ಅಂಗಿ, ಪರ ಊರಿಗೆ ಮಂಗಟ್ಟೆ ಹಕ್ಕಿಯ ಕಪ್ಪು ಬಿಳಿ, ಕಾಲರು ಮಾತ್ರ ಕೊಕ್ಕಿನ ಹಳದಿ ಅಂತ ತೀರ್ಮಾನ ಮಾಡಿದ್ದಾನೆ. ಹೊಲಿಸುವ ವಿಷಯ ಯಾರಾದರೂ ಹೇಳಿ. ಮನೆಯಲ್ಲಿರುವ ಕಪ್ಪು ಕಾಟನ್ ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸಿದರೆ ಆಗುತ್ತದಾ?

ಮುಂಡಗೋಡದಿಂದ, ಶಿಕ್ಷಕರು:

ಹೊಲಿಸುವುದು ತಿಳಿದವರು ಹೇಳುತ್ತಾರೆ. ನಾನು ಹೇಳಬೇಕಾದದ್ದು ಆ 'ಉತ್ತರ ಕನ್ನಡ ದೇಶ'ದ ಬಗ್ಗೆ. ನಮ್ಮ ಪಕ್ಕದಲ್ಲೇ ಟಿಬೆಟನ್ ಕಾಲೊನಿ ಇದೆ, ಅಲ್ಲಿನ ಹುಡುಗರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಟಿಬೆಟ್ ಫಿಫಾ ಸದಸ್ಯ ದೇಶ ಅಲ್ಲ. ಆದರೂ ನೆಲೆ ಕಳೆದುಕೊಂಡ ಜನರ ಮಕ್ಕಳು ಒಂದು ರಾಷ್ಟ್ರೀಯ ತಂಡ ಕಟ್ಟಿ, 2001ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ಎದುರು ಆಡಿದರು. ಡೆನ್ಮಾರ್ಕಿನ ಹಮ್ಮೆಲ್ ಕಂಪನಿ ಜರ್ಸಿ ಮಾಡಿಕೊಟ್ಟಿತು. 4-1ರಿಂದ ಸೋತರು. ಭೂಪಟದಲ್ಲಿ ಪ್ರತ್ಯೇಕ ದೇಶವಾಗಿ ಇಲ್ಲದ ಹೆಸರನ್ನು ಆ ಹುಡುಗರು ಎದೆಯ ಮೇಲೆ ಹೊತ್ತಿದ್ದರು. ನಿಮ್ಮ ಮಗ ಮಾಡುವುದನ್ನು ಯಾರಾದರೂ ಹುಡುಗಾಟ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಒಂದು ಭಾನುವಾರ ಇಲ್ಲಿಗೆ ಕರೆದುಕೊಂಡು ಬನ್ನಿ, ಇಲ್ಲಿನ ಮೈದಾನದಲ್ಲಿ ಯಾರು ಯಾವ ಅಂಗಿ ತೊಡುತ್ತಾರೆ ಅಂತ ಅವನೇ ನೋಡಲಿ.

ಕುಮಟಾದಿಂದ, ಪ್ರಿಂಟಿಂಗ್ ಅಂಗಡಿಯವರು:

ಅಕ್ಕಾ, ಕಪ್ಪು ಕಾಟನ್ ಮೇಲೆ ಈ ಕೆಲಸ ಆಗುವುದಿಲ್ಲ. ಜರ್ಸಿಗೆ ಮಾಡುವುದು ಸಬ್ಲಿಮೇಷನ್. ವಿನ್ಯಾಸವನ್ನು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಪ್ರಿಂಟ್ ಮಾಡಿ, ಬಟ್ಟೆ ಮೇಲೆ ಇಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತೇವೆ. ಬಣ್ಣ ಆವಿಯಾಗಿ ನೂಲಿನೊಳಗೇ ಸೇರುತ್ತದೆ, ಹಾಗಾಗಿ ತೊಳೆದರೂ ಕಿತ್ತು ಬರುವುದಿಲ್ಲ. ಆದರೆ ಅದು ಹಿಡಿಯುವುದು ಪಾಲಿಯೆಸ್ಟರ್ ಬಟ್ಟೆಗೆ. ಬಟ್ಟೆ ಬಿಳಿಯೇ ಇರಬೇಕು, ಯಾಕೆಂದರೆ ಬಿಳಿ ಶಾಯಿ ಇರುವುದಿಲ್ಲ, ವಿನ್ಯಾಸದಲ್ಲಿ ಬಿಳಿ ಎಲ್ಲಿದೆಯೋ ಅಲ್ಲಿ ಬಟ್ಟೆಯೇ ಕಾಣುವುದು. ಮಂಗಟ್ಟೆ ಅಂಗಿಯ ಕಪ್ಪನ್ನೂ ಬಿಳಿ ಬಟ್ಟೆ ಮೇಲೇ ಒತ್ತುವುದು. ಬಂಗಡೆಯ ಬೆಳ್ಳಿ ಹೊಳಪು ಬರುವುದಿಲ್ಲ, ತಿಳಿ ಬೂದು ಬರುತ್ತದೆ. ಕಂಪ್ಯೂಟರ್ ಪರದೆಯ ಮಿಂಚುವ ಬಣ್ಣಗಳೂ ಬಟ್ಟೆಯಲ್ಲಿ ಸ್ವಲ್ಪ ಮಂಕಾಗುತ್ತವೆ. ಮೊದಲು ಬಣ್ಣಗಳನ್ನು ಸಣ್ಣ ತುಂಡಿನ ಮೇಲೆ ಒತ್ತಿಸಿ ನೋಡಿ ಒಪ್ಪಿಕೊಳ್ಳಿ.

ಎದೆ, ಬೆನ್ನು, ಎರಡು ತೋಳು, ಕಾಲರು ಬೇರೆ ಬೇರೆ ಒತ್ತಿ ಆಮೇಲೆ ಹೊಲಿಯುತ್ತಾರೆ. ಎದೆಯಿಂದ ತೋಳಿಗೆ ಓಡುವ ಗೆರೆ ಹೊಲಿಗೆಯಲ್ಲಿ ಸರಿಯಾಗಿ ಕೂಡುವುದು ಕಷ್ಟ. ಬಂಗಡೆಯ ಗೆರೆಗಳು ಹೊಲಿಗೆಗೆ ಮೊದಲೇ ನಿಂತುಹೋಗುವಂತೆ ಬರೆಯಲಿ. ಲಾಂಛನವನ್ನೂ ಅಂಚಿನಿಂದ ಒಳಗೆ ಇಡಲಿ. ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿ ಫೈಲ್ ಕೊಡಬೇಕು, ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ.

ಒಂದೇ ಅಂಗಿಯನ್ನು ಎಲ್ಲರೂ ಒಪ್ಪಿಕೊಳ್ಳುವುದಿಲ್ಲ. ಶಾಲಾ ತಂಡದ ಆರ್ಡರು ಓಡುತ್ತಿರುವಾಗ ಜೊತೆಗೆ ಒಂದು ಹಾಕಿಕೊಡಿ ಎಂದು ಕೇಳಿದರೆ ಬಹಳ ಕಡೆ ಆಗುತ್ತದೆ. ಒಂದೇ ಮಾಡಿಸಿದರೆ ದರ ಹೆಚ್ಚು, ಅದಕ್ಕೆ ಸಿದ್ಧರಿರಿ. ಅವನ ಅಳತೆಗಿಂತ ಒಂದು ಸೈಜ್ ದೊಡ್ಡದು ಹೇಳಿ, ಬೆಳೆಯುವ ವಯಸ್ಸು. ಬಂದ ಮೇಲೆ ಒಳಮೈ ಹೊರಗೆ ತಿರುಗಿಸಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ, ಬಿಸಿ ಇಸ್ತ್ರಿ ಬೇಡ.